ಗ್ಲೋರಿಯಸ್‌ಲಿ: ನನಗೆ ಬಲು ಇಷ್ಟವಾದ ಒಂದು ಇಂಗ್ಲಿಷ್ ಪದ

ಇಂಗ್ಲಿಷಿನಲ್ಲಿ ವೈಭವ ಹೇಳುವ ಕ್ರಿಯಾವಿಶೇಷಣಗಳಿಗೆ ಬರವಿಲ್ಲ. ಮ್ಯಾಗ್ನಿಫಿಸೆಂಟ್‌ಲಿ, ಸ್ಪ್ಲೆಂಡಿಡ್‌ಲಿ, ಸೂಪರ್ಬ್‌ಲಿ, ಸಂಪ್ಚುಅಸ್‌ಲಿ, ಗ್ಲೋರಿಯಸ್‌ಲಿ. ನಿಘಂಟು ತೆರೆದರೆ ಎಲ್ಲದರ ಮುಂದೆಯೂ ಅದದೇ ಮಾತು: ವೈಭವದಿಂದ, ಭವ್ಯವಾಗಿ, ವಿಜೃಂಭಣೆಯಿಂದ. ಅನುವಾದವೇ ನನ್ನ ಕೆಲಸ. ಹಾಗಾಗಿ ಈ ಪದಗಳ ಜೊತೆ ನನ್ನದು ದಿನನಿತ್ಯದ ಒಡನಾಟ. ಅವು ಒಂದೇ ಅಲ್ಲ. ಒಂದೊಂದರ ಸ್ವಭಾವ ಒಂದೊಂದು ಥರ.

ಸ್ಪ್ಲೆಂಡಿಡ್‌ಲಿ ಹುಟ್ಟಿದ್ದು ಹೊಳೆಯುವುದು ಎಂಬ ಲ್ಯಾಟಿನ್ ಪದದಿಂದ. ಸೂಪರ್ಬ್‌ಲಿ ಹುಟ್ಟಿದ್ದು ಜಂಬದಿಂದ. ರೋಮಿನ ಕೊನೆಯ ದೊರೆ ಟಾರ್ಕ್ವಿನಿಯಸ್‌ಗೆ ಜನ ಇಟ್ಟ ಹೆಸರು ಸೂಪರ್ಬಸ್, ಅಂದರೆ ಸೊಕ್ಕಿನವನು. ಸಂಪ್ಚುಅಸ್‌ಲಿ ಎಂಬುದರ ಒಳಗೆ ಖರ್ಚು ಎಂಬ ಪದ ಕೂತಿದೆ. ಮ್ಯಾಗ್ನಿಫಿಸೆಂಟ್‌ಲಿ ಎಂಬುದರಲ್ಲಿ ಎರಡು ಪದಗಳು ಸೇರಿವೆ: ದೊಡ್ಡದು ಮತ್ತು ಮಾಡು. ದೊಡ್ಡ ಕೆಲಸ ಮಾಡುವವರ ಪದ ಅದು. ಅದರ ಹಿಂದಿರುವ ಗುಣದ ಬಗ್ಗೆ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ನಾಲ್ಕನೇ ಭಾಗದಲ್ಲಿ ಬರೆದಿದ್ದಾನೆ. ಊರಿಗಾಗಿ ಯುದ್ಧದ ಹಡಗು ಕಟ್ಟಿಸುವುದು, ನಾಟಕದ ಮೇಳಕ್ಕೆ ಹಣ ಕೊಡುವುದು, ಇಂಥವು ಅವನ ಉದಾಹರಣೆ. ಆದರೆ ದೊಡ್ಡದಾಗಿ ಖರ್ಚು ಮಾಡಿದರೆ ಸಾಲದು, ಅದು ಸಂದರ್ಭಕ್ಕೆ ಒಪ್ಪಬೇಕು ಅನ್ನುತ್ತಾನೆ. ಗೆಳೆಯರ ಊಟಕ್ಕೆ ಮದುವೆಯಷ್ಟು ಖರ್ಚು ಮಾಡುವವನು ಅವನ ಕಣ್ಣಿಗೆ ಒರಟ. ಅದೇ ಒಂದು ಚಂದದ ಚೆಂಡನ್ನು ಮಗುವಿಗೆ ಕೊಟ್ಟರೆ, ಅದರ ಬೆಲೆ ಏನೂ ಅಲ್ಲದಿದ್ದರೂ, ಆ ಮಗುವಿನ ಮಟ್ಟಿಗೆ ಅದು ವೈಭವವೇ. ಅಂದರೆ ಮ್ಯಾಗ್ನಿಫಿಸೆಂಟ್‌ಲಿ ಎಂಬುದು ಅಳತೆ ಗೊತ್ತಿರುವ ವೈಭವ.

ಗ್ಲೋರಿಯಸ್‌ಲಿ ಹಾಗಲ್ಲ. ಅದು ಅಳತೆ ಮರೆತ ವೈಭವ. ಬೇಕಾದ್ದಕ್ಕಿಂತ ಜಾಸ್ತಿಯಾಗಿ, ತುಂಬಿ, ಹೊರಗೆ ಚೆಲ್ಲಿದ್ದು. ಮಿಕ್ಕ ಪದಗಳಲ್ಲಿ ಖುಷಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಮುಖ ಗಂಟಿಕ್ಕಿಕೊಂಡೇ ಮ್ಯಾಗ್ನಿಫಿಸೆಂಟ್‌ಲಿ ಒಂದು ಕಟ್ಟಡ ಕಟ್ಟಬಹುದು. ಗ್ಲೋರಿಯಸ್‌ಲಿ ಎಂಬುದರಲ್ಲಿ ಮಾತ್ರ ಖುಷಿ ಇರಲೇಬೇಕು. ಈ ಪದದ ಹಿಂದೆ ಬಿದ್ದು ಓದುತ್ತಾ ಹೋದ ಹಾಗೆ ನನಗೆ ಇದು ಖಾತ್ರಿಯಾಗುತ್ತಾ ಬಂದಿದೆ.

ಇಂಗ್ಲಿಷಿನಲ್ಲಿ ಈ ಪದದ ಅತಿ ಪ್ರಸಿದ್ಧ ಬಳಕೆ ಇರುವುದು ಬೈಬಲ್ಲಿನ ವಿಮೋಚನಕಾಂಡದ 15ನೇ ಅಧ್ಯಾಯದ ಮೊದಲ ಸಾಲಿನಲ್ಲಿ. ಇಸ್ರಾಯೇಲರು ಈಜಿಪ್ಟಿನ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬರುತ್ತಿದ್ದಾರೆ. ಹಿಂದೆ ಫರೋಹನ ರಥಗಳು, ಮುಂದೆ ಕಡಲು. ಕಡಲು ಬಿರಿದು ದಾರಿ ಕೊಡುತ್ತದೆ. ಇವರು ದಾಟುತ್ತಾರೆ. ಬೆನ್ನಟ್ಟಿ ಬಂದ ಸೈನ್ಯದ ಮೇಲೆ ನೀರು ಮುಚ್ಚಿಕೊಳ್ಳುತ್ತದೆ. ಆಗ ದಡದಲ್ಲಿ ನಿಂತು ಮೋಶೆ ಮತ್ತು ಜನರೆಲ್ಲ ಹಾಡುತ್ತಾರೆ. ದೊರೆ ಜೇಮ್ಸ್ ಮಾಡಿಸಿದ 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಆ ಸಾಲು ಹೀಗಿದೆ: ಐ ವಿಲ್ ಸಿಂಗ್ ಅಂಟು ದ ಲಾರ್ಡ್, ಫಾರ್ ಹಿ ಹ್ಯಾತ್ ಟ್ರಯಂಫ್ಡ್ ಗ್ಲೋರಿಯಸ್‌ಲಿ. ದೇವರಿಗೆ ಹಾಡುತ್ತೇನೆ, ಅವನು ಗ್ಲೋರಿಯಸ್‌ಲಿ ಗೆದ್ದಿದ್ದಾನೆ. ಕುದುರೆಯನ್ನೂ ಅದರ ಸವಾರನನ್ನೂ ಕಡಲಿಗೆಸೆದಿದ್ದಾನೆ.

ಸತ್ತವರೂ ಮನುಷ್ಯರೇ. ಆ ಸಾಲು ಓದುವಾಗ ಅದು ನನ್ನ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಆದರೆ ಹಾಡುತ್ತಿರುವವರು ನಿನ್ನೆಯವರೆಗೆ ಚಾಟಿಯ ಕೆಳಗೆ ಇಟ್ಟಿಗೆ ಮಾಡುತ್ತಿದ್ದವರು. ಬದುಕಿ ಉಳಿಯುತ್ತೇವೆ ಎಂಬ ಆಸೆಯನ್ನೇ ಬಿಟ್ಟವರು. ಅವರ ಬಾಯಲ್ಲಿ ಗೆಲುವಿನ ಮಾತು ಅಳತೆಯೊಳಗೆ ನಿಲ್ಲುವುದು ಹೇಗೆ?

ಈಗ ಇದರ ಹೀಬ್ರೂ ಮೂಲಕ್ಕೆ ಬನ್ನಿ. ಅಲ್ಲಿ ಗ್ಲೋರಿಯಸ್‌ಲಿ ಎಂಬ ಕ್ರಿಯಾವಿಶೇಷಣವೇ ಇಲ್ಲ. ಇರುವುದು ಒಂದೇ ಕ್ರಿಯಾಪದ, ಎರಡು ಸಲ: ಗಾಓ ಗಾಆ. ಗಾಆ ಅಂದರೆ ಮೇಲೇಳುವುದು, ಉಬ್ಬುವುದು, ಎತ್ತರವಾಗುವುದು. ನೀರು ಏರಿತು ಎಂದು ಹೇಳಲಿಕ್ಕೂ ಬೈಬಲ್ಲಿನ ಬೇರೆ ಕಡೆ ಇದೇ ಪದ ಬರುತ್ತದೆ. ಕಡಲ ದಡದ ಹಾಡಿಗೆ ಎಂಥ ಒಪ್ಪುವ ಪದ ನೋಡಿ! ಒತ್ತಿ ಹೇಳಬೇಕಾದಾಗ ಕ್ರಿಯಾಪದವನ್ನೇ ಎರಡು ಸಲ ಹೇಳುವುದು ಹೀಬ್ರೂ ಭಾಷೆಯ ರೂಢಿ.

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಮಳೆ ಸುರಿದದ್ದೇ ಸುರಿದದ್ದು ಅನ್ನುತ್ತೇವೆ. ಮಕ್ಕಳು ಕುಣಿದದ್ದೇ ಕುಣಿದದ್ದು ಅನ್ನುತ್ತೇವೆ. ಅಲ್ಲಿ ಜೋರಾಗಿ, ಸಂಭ್ರಮದಿಂದ, ಬಹಳ, ಇಂಥ ಯಾವ ಪದವೂ ಬೇಕಾಗುವುದಿಲ್ಲ. ಕ್ರಿಯೆಯೇ ತನ್ನ ಮೇಲೆ ತಾನು ಉಕ್ಕಿ ಬರುತ್ತದೆ. ಮೋಶೆಯ ಹಾಡಿನ ಮೊದಲ ಸಾಲು ನಮ್ಮ ಆಡುಮಾತಿನಲ್ಲಿ ಸಲೀಸಾಗಿ ಕೂರುತ್ತದೆ: ಅವನು ಗೆದ್ದದ್ದೇ ಗೆದ್ದದ್ದು! ಇಂಗ್ಲಿಷಿಗೆ ಈ ಅನುಕೂಲ ಇಲ್ಲ. ಹಿ ಟ್ರಯಂಫ್ಡ್ ಟ್ರಯಂಫ್ಡ್ ಎಂದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಅದಕ್ಕೆ ಅದು ಒಂದು ಕ್ರಿಯಾವಿಶೇಷಣವನ್ನು ಕರೆತರಬೇಕಾಯಿತು.

ಆ ಪದ ನೇರವಾಗಿ ಬರಲಿಲ್ಲ. ಕ್ರಿಸ್ತಪೂರ್ವ ಮೂರನೇ ಶತಮಾನದ ಹೊತ್ತಿಗೆ ಅಲೆಕ್ಸಾಂಡ್ರಿಯಾದ ಯಹೂದಿಗಳು ಈ ಗ್ರಂಥವನ್ನು ಗ್ರೀಕಿಗೆ ತಂದರು. ಅವರೂ ಎರಡು ಸಲ ಹೇಳುವುದನ್ನು ಬಿಟ್ಟುಕೊಡಲಿಲ್ಲ. ಒಂದೇ ಬೇರಿನ ಎರಡು ಪದ ತೆಗೆದುಕೊಂಡರು. ಎಂಡೊಕ್ಸೋಸ್ ಎಂಬ ಕ್ರಿಯಾವಿಶೇಷಣ, ದೆದೊಕ್ಸಾಸ್ತಾಯ್ ಎಂಬ ಕ್ರಿಯಾಪದ. ಹೊಗಳಿಕೆಯಾಗುವಂತೆ ಹೊಗಳಿಸಿಕೊಂಡಿದ್ದಾನೆ ಎಂದ ಹಾಗೆ. ಎರಡರಲ್ಲೂ ಡೊಕ್ಸಾ ಎಂಬ ಪದದ ದನಿ ಕೇಳುತ್ತದೆ. ಆಮೇಲೆ ಅದು ಲ್ಯಾಟಿನ್ನಿಗೆ ಹೋಯಿತು. ಅಲ್ಲಿಯ ಸಾಲು, ಗ್ಲೋರಿಯೋಸೆ ಎನಿಮ್ ಮ್ಯಾಗ್ನಿಫಿಕಾಟುಸ್ ಎಸ್ತ್. ಅಲ್ಲಿಗೆ ಪದಗಳ ಬೇರು ಬೇರೆಬೇರೆಯಾಯಿತು. ಆದರೆ ಗ್ಲೋರಿ, ಮ್ಯಾಗ್ನಿಫಿಸೆಂಟ್ ಎರಡೂ ಕುಟುಂಬಗಳು ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತುಬಿಟ್ಟವು. ಈ ಸಾಲನ್ನು ಮೊದಲು ನೋಡಿದಾಗ ನಾನು ಪೆನ್ಸಿಲಿನಿಂದ ಅಡಿಗೆರೆ ಎಳೆದು, ಪುಟದ ಅಂಚಿನಲ್ಲಿ ಬರೀ ಒಂದು ಆಶ್ಚರ್ಯಸೂಚಕ ಹಾಕಿ ಬಿಟ್ಟಿದ್ದೆ. ಅದು ಈಗಲೂ ಹಾಗೇ ಇದೆ.

ಪದದ ಬಾಲದ ಬಗ್ಗೆಯೂ ಒಂದು ಮಾತು. ಲಿ ಎಂಬುದು ಲ್ಯಾಟಿನ್ನಿನದಲ್ಲ, ಅಪ್ಪಟ ಹಳೆಯ ಇಂಗ್ಲಿಷಿನದು. ಅದರ ಮೂಲದಲ್ಲಿರುವುದು ಲಿಚ್ ಎಂಬ ಪದ. ಅದರ ಅರ್ಥ ದೇಹ. ಇಂಗ್ಲೆಂಡಿನ ಹಳೆಯ ಚರ್ಚುಗಳ ಅಂಗಳದ ಬಾಗಿಲಲ್ಲಿ, ಹೆಣದ ಪೆಟ್ಟಿಗೆ ಇಳಿಸುತ್ತಿದ್ದ ಮಾಡಿನ ಜಾಗಕ್ಕೆ ಇವತ್ತಿಗೂ ಲಿಚ್‌ಗೇಟ್ ಅನ್ನುತ್ತಾರೆ. ಅಂದರೆ ರೋಮಿನಿಂದ ಬಂದ ಕೀರ್ತಿಗೆ ಇಂಗ್ಲೆಂಡಿನ ಮಣ್ಣಿನಲ್ಲಿ ಒಂದು ದೇಹ ಸಿಕ್ಕಿದ ಹಾಗಾಯಿತು. ನನಗೆ ಇದು ಸುಮ್ನೆ ವ್ಯಾಕರಣದ ಸಂಗತಿ ಅನ್ನಿಸುವುದಿಲ್ಲ. ಬರೀ ಕೀರ್ತಿ ಅಂದರೆ ಗಾಳಿಮಾತು. ಆ ಲಿ ಸೇರಿದ ಮೇಲೆ ಅದು ಯಾರೋ ಮಾಡಿದ, ಕಣ್ಣಿಗೆ ಕಂಡ ಕೆಲಸದ ಮೇಲೆ ಬಂದು ಕೂರುತ್ತದೆ.

ಈ ಸಾಲನ್ನು ಅರ್ಥ ಮಾಡಿಕೊಂಡವರಲ್ಲಿ ನನ್ನ ಪ್ರಕಾರ ಎಲ್ಲರಿಗಿಂತ ಮುಂದೆ ಇರುವವನು ಒಬ್ಬ ಸಂಗೀತಗಾರ. ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಹ್ಯಾಂಡೆಲ್. 1738ರ ಅಕ್ಟೋಬರಿನಲ್ಲಿ ಅವನು ಈ ಇಡೀ ಹಾಡಿಗೆ ಸಂಗೀತ ಕೂಡಿಸಲು ಕೂತ. ಅದು ಈಜಿಪ್ಟಿನಲ್ಲಿ ಇಸ್ರಾಯೇಲ್ ಎಂಬ ದೊಡ್ಡ ಕೃತಿಯ ಕೊನೆಯ ಭಾಗವಾಯಿತು. 1739ರ ಏಪ್ರಿಲ್ 4ರಂದು ಲಂಡನ್ನಿನ ಹೇಮಾರ್ಕೆಟ್‌ನ ಕಿಂಗ್ಸ್ ಥಿಯೇಟರಿನಲ್ಲಿ ಮೊದಲ ಸಲ ಹಾಡಿದರು. ಒಬ್ಬಿಬ್ಬರು ಗಾಯಕರ ಹಾಡು ಕೇಳಿ ರೂಢಿಯಾಗಿದ್ದ ಜನಕ್ಕೆ ಸಾಲುಸಾಲಾಗಿ ಬರುವ ಗುಂಪುಗಾಯನ ಹಿಡಿಸಲಿಲ್ಲ. ಆದರೆ ಆ ಗುಂಪುಗಾಯನವೇ ಅದರ ಜೀವ. ಎರಡು ಮೇಳಗಳು ಎದುರುಬದುರು ನಿಂತ ಹಾಗೆ ಹಾಡುತ್ತವೆ. ಟ್ರಯಂಫ್ಡ್ ಎಂಬುದು ಠಕ್ಕನೆ ಮುಗಿಯುತ್ತದೆ. ಗ್ಲೋರಿಯಸ್‌ಲಿ ಬಂದಾಗ ಮಾತ್ರ, ಆ ಗ್ಲೋ ಎಂಬ ಅಕ್ಷರದ ಮೇಲೆ ಸ್ವರಗಳು ಓಡತೊಡಗುತ್ತವೆ. ಒಂದು ದನಿ ಓಡಿ ಮುಗಿಸುವ ಮೊದಲೇ ಇನ್ನೊಂದು ಹಿಡಿಯುತ್ತದೆ. ಮೇಳದಲ್ಲಿ ಹಾಡುವ ನನ್ನ ಗೆಳತಿಯೊಬ್ಬಳು ಹೇಳುತ್ತಾಳೆ: ಆ ಓಕಾರಕ್ಕೆ ಎಷ್ಟು ಉಸಿರು ಕೂಡಿಟ್ಟುಕೊಂಡರೂ ಸಾಲುವುದಿಲ್ಲ, ಪಕ್ಕದವಳ ಉಸಿರಿನಲ್ಲಿ ನಾವು ಹಾಡಬೇಕು. ಮೂಲದ ಗಾಓ ಗಾಆ, ಇಂಗ್ಲಿಷಿಗೆ ಬರುವಾಗ ಕಳೆದುಹೋಗಿದ್ದ ಆ ಉಕ್ಕು, ಹ್ಯಾಂಡೆಲ್‌ನ ಕೈಯಲ್ಲಿ ವಾಪಸ್ ಬಂತು ಅನ್ನಿಸುತ್ತದೆ ನನಗೆ.

ಕೃತಿಯ ಕೊನೆಯಲ್ಲಿ ಅವನು ಇನ್ನೂ ಒಂದು ಚಂದದ ಕೆಲಸ ಮಾಡಿದ್ದಾನೆ. ಬೈಬಲ್ಲಿನಲ್ಲಿ ಮೋಶೆಯ ಅಕ್ಕ ಮಿರ್ಯಾಮಳು ದಮ್ಮಡಿ ಹಿಡಿದು ಹೆಂಗಸರ ಮುಂದೆ ನಿಂತು ಅದೇ ಸಾಲನ್ನು ಹಾಡುತ್ತಾಳೆ. ಹ್ಯಾಂಡೆಲ್ ಅಲ್ಲಿ ವಾದ್ಯಗಳನ್ನೆಲ್ಲ ನಿಲ್ಲಿಸಿಬಿಡುತ್ತಾನೆ. ಒಬ್ಬಳೇ ಹೆಂಗಸಿನ ದನಿ, ಯಾವ ಆಸರೆಯೂ ಇಲ್ಲದೆ. ಹಿಂದೆಯೇ ಇಡೀ ಮೇಳ ಉತ್ತರ ಕೊಡುತ್ತದೆ. ಒಂಟಿ ದನಿಯಲ್ಲೂ ಗ್ಲೋರಿಯಸ್‌ಲಿ ಎಂಬುದು ಗ್ಲೋರಿಯಸ್‌ಲಿಯೇ. ಅದಕ್ಕೆ ಗಾತ್ರ ಬೇಕಿಲ್ಲ.

ಇದೇ ಕೃತಿಯ ಒಂದು ತುಣುಕು ಧ್ವನಿಮುದ್ರಣದ ಚರಿತ್ರೆಯಲ್ಲೂ ಇದೆ. 1888ರ ಜೂನ್ 29ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾಂಡೆಲ್ ಉತ್ಸವ ನಡೆದಿತ್ತು. ಸುಮಾರು 4,000 ಜನರ ಮೇಳ. ಎಡಿಸನ್ನನ ಕಡೆಯಿಂದ ಬಂದಿದ್ದ ಗೊರಾಡ್ ಎಂಬಾತ ಮೇಣದ ಕೊಳವೆಯ ಮೇಲೆ ಅದನ್ನು ಹಿಡಿದ. ಇವತ್ತಿಗೂ ಉಳಿದಿರುವ ಅತಿ ಹಳೆಯ ಸಂಗೀತ ಮುದ್ರಣಗಳಲ್ಲಿ ಅದೂ ಒಂದು. ಅದರಲ್ಲಿರುವುದು ಮೋಶೆಯ ಹಾಡಿಗೆ ಪೀಠಿಕೆಯಾಗಿ ಬರುವ ಗುಂಪುಗಾಯನ. ಗರಗರ ಸದ್ದಿನ ಹಿಂದೆ, ತುಂಬಾ ದೂರದಲ್ಲಿ, ಅಲೆ ಎದ್ದುಬಂದ ಹಾಗೆ ಕೇಳುತ್ತದೆ. ಒಮ್ಮೆ ಹುಡುಕಿ ಕೇಳಿ.

ಈಗ ಬರೆಯುವವರ ಜಗತ್ತಿಗೆ ಬರುತ್ತೇನೆ. ಕ್ರಿಯಾವಿಶೇಷಣ ಎಂದರೆ ಇವತ್ತು ಬರವಣಿಗೆ ಕಲಿಸುವವರು ಹೌಹಾರುತ್ತಾರೆ. ನರಕದ ದಾರಿಗೆ ಹಾಸಿರುವುದು ಕ್ರಿಯಾವಿಶೇಷಣಗಳನ್ನೇ ಎಂದು ಸ್ಟೀಫನ್ ಕಿಂಗ್ 2000ದಲ್ಲಿ ಬಂದ ತನ್ನ ಪುಸ್ತಕದಲ್ಲಿ ಬರೆದ. ಅದರಲ್ಲಿ ನಿಜ ಇದೆ. ಸೂರ್ಯ ಗ್ಲೋರಿಯಸ್‌ಲಿ ಹೊಳೆದ ಎಂಬ ವಾಕ್ಯದಿಂದ ಆ ಪದ ತೆಗೆದುಹಾಕಿದರೆ ಏನೂ ನಷ್ಟವಿಲ್ಲ. ಸೂರ್ಯನ ಕೆಲಸವೇ ಹೊಳೆಯುವುದು. ಆದರೆ ಎಲ್ಲ ಕಡೆಯೂ ಇದೇ ನಿಯಮ ಹಾಕಿದರೆ ಒಳ್ಳೆಯ ವಾಕ್ಯಗಳು ಸಾಯುತ್ತವೆ.

ಲೂಕನ ಸುವಾರ್ತೆಯ 16ನೇ ಅಧ್ಯಾಯದ ಸಿರಿವಂತನನ್ನು ನೋಡಿ. ಅವನು ನೇರಳೆ ಬಣ್ಣದ ಬಟ್ಟೆ, ನಯವಾದ ನಾರುಬಟ್ಟೆ ಉಡುತ್ತಿದ್ದ, ಮತ್ತು ಫೇರ್ಡ್ ಸಂಪ್ಚುಅಸ್‌ಲಿ ಎವ್ರಿ ಡೇ. ದಿನಾ ಅದ್ದೂರಿಯಾಗಿ ಉಂಡುಟ್ಟು ಇದ್ದ. ಅವನ ಬಾಗಿಲಲ್ಲಿ ಲಾಜರನೆಂಬ ಭಿಕ್ಷುಕ, ಮೈತುಂಬ ಹುಣ್ಣು, ಮೇಜಿನಿಂದ ಬಿದ್ದ ಚೂರಿಗೆ ಕಾದಿದ್ದಾನೆ. ಸಂಪ್ಚುಅಸ್‌ಲಿ ತೆಗೆದುಬಿಡಿ. ದಿನಾ ಊಟ ಮಾಡುತ್ತಿದ್ದ ಎಂದು ಉಳಿಯುತ್ತದೆ. ಊಟ ಮಾಡುವುದು ತಪ್ಪಲ್ಲವಲ್ಲ! ಆ ಮನುಷ್ಯನ ಪಾಪವೆಲ್ಲ ಆ ಒಂದು ಪದದಲ್ಲಿದೆ. ಮಜವೆಂದರೆ ಲ್ಯಾಟಿನ್ನಿನಲ್ಲಿ ಅಲ್ಲಿರುವುದು ಸ್ಪ್ಲೆಂಡಿಡೆ, ಹೊಳೆಯುವಂತೆ. ಇಂಗ್ಲಿಷಿನವರು ಹೊಳಪಿನ ಜಾಗದಲ್ಲಿ ಖರ್ಚನ್ನು ಇಟ್ಟರು. ಕತೆಗೆ ಅದೇ ಸರಿ. ಅಲ್ಲಿ ಗ್ಲೋರಿಯಸ್‌ಲಿ ಎಂದು ಬರೆದಿದ್ದರೆ ಕತೆ ಕೆಟ್ಟೇ ಹೋಗುತ್ತಿತ್ತು. ಆ ಊಟದಲ್ಲಿ ಖರ್ಚಿದೆ, ಖುಷಿ ಹೊರಗೆ ಚೆಲ್ಲಿಲ್ಲ. ಚೆಲ್ಲಿದ್ದರೆ ಬಾಗಿಲವರೆಗೂ ಹರಿಯುತ್ತಿತ್ತು.

ಮಿಲ್ಟನ್ ಈ ಪದವನ್ನು ಬಳಸುವ ರೀತಿ ಬೇರೆ. 1667ರ ಪ್ಯಾರಡೈಸ್ ಲಾಸ್ಟ್‌ನ ಮೂರನೇ ಭಾಗದಲ್ಲಿ ದೇವರು ಮಗನಿಗೆ ಹೇಳುತ್ತಾನೆ, ಕೊನೆಯ ತೀರ್ಪಿನ ದಿನ ನೀನು ಸ್ವರ್ಗದಿಂದ ಅಟೆಂಡೆಡ್ ಗ್ಲೋರಿಯಸ್‌ಲಿ ಆಕಾಶದಲ್ಲಿ ಕಾಣಿಸಿಕೊಳ್ಳುವೆ ಎಂದು. ಪರಿವಾರದ ಜೊತೆ ಬರುವುದು ಯಾವ ದೊರೆಗೂ ಇದ್ದದ್ದೇ. ಗ್ಲೋರಿಯಸ್‌ಲಿ ಎಂದಾಗ ಆ ಪರಿವಾರವೇ ಬೆಳಕಾಗುತ್ತದೆ. ಮಿಲ್ಟನ್ನನ ಸಾಲಿಗೆ ಹತ್ತು ಉಚ್ಚಾರಾಂಶ. ನಾಲ್ಕು ಉಚ್ಚಾರಾಂಶದ ಈ ಪದವನ್ನು ಅವನು ಮೂರಕ್ಕೆ ಒತ್ತಿ ಕೂರಿಸಿದ್ದಾನೆ, ಗ್ಲೋರ್ಯಸ್‌ಲಿ ಎಂದ ಹಾಗೆ. ಜೋರಾಗಿ ಓದಿದರೆ ಮೊದಲ ಅಕ್ಷರದ ಭಾರಕ್ಕೆ ನಾಲಿಗೆ ನಿಲ್ಲುತ್ತದೆ, ಉಳಿದದ್ದು ಹಗುರಾಗಿ ಜಾರಿಹೋಗುತ್ತದೆ. ನಾನು ಆ ಪುಟಗಳನ್ನು ಯಾವಾಗಲೂ ಜೋರಾಗಿಯೇ ಓದುವುದು. ಬರೆದವನಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ. ಬಾಯಲ್ಲಿ ಹೇಳಿ ಬರೆಸಿದ ಕಾವ್ಯ ಅದು.

ವೈಭವ ಹೇಳಲು ಈ ಪದಗಳು ಬೇಕೇ ಬೇಕು ಅಂತೇನೂ ಇಲ್ಲ. ಶೇಕ್ಸ್‌ಪಿಯರ್‌ನ ಆಂಟನಿ ಮತ್ತು ಕ್ಲಿಯೋಪಾತ್ರ ನಾಟಕದಲ್ಲಿ ಆಂಟನಿಯ ಜೊತೆಗಾರ ಎನೊಬಾರ್ಬಸ್ ಕ್ಲಿಯೋಪಾತ್ರಳ ದೋಣಿಯನ್ನು ವರ್ಣಿಸುತ್ತಾನೆ. ಉಜ್ಜಿ ಹೊಳಪಿಸಿದ ಸಿಂಹಾಸನದಂತೆ ಅದು ನೀರಿನ ಮೇಲೆ ಉರಿಯಿತು. ಬಡಿದ ಚಿನ್ನದ ಹಿಂಭಾಗ, ನೇರಳೆ ಹಾಯಿ, ಗಾಳಿಗೇ ಮೋಹ ಹತ್ತಿಸುವ ಪರಿಮಳ, ಕೊಳಲಿನ ತಾಳಕ್ಕೆ ಬೀಳುವ ಬೆಳ್ಳಿಯ ಹುಟ್ಟುಗಳು. ಅಲ್ಲಿ ಭವ್ಯವಾಗಿ ಎನ್ನುವ ಒಂದೂ ಕ್ರಿಯಾವಿಶೇಷಣ ಇಲ್ಲ. ಉರಿಯಿತು ಎಂಬ ಕ್ರಿಯಾಪದವೇ ಸಾಕಾಯಿತು. ಆದರೆ ಅವನು ಕಣ್ಣಾರೆ ಕಂಡದ್ದನ್ನು ನಿಧಾನವಾಗಿ ನೆನಪಿಸಿಕೊಂಡು ಹೇಳುತ್ತಿರುವ ಮನುಷ್ಯ. ಮೋಶೆಯ ಜನಕ್ಕೆ ಅಷ್ಟು ನಿಧಾನ ಎಲ್ಲಿಂದ ಬರಬೇಕು? ಅವರಿಗೆ ಒಂದೇ ಪದದಲ್ಲಿ ಕೂಗಬೇಕಿತ್ತು.

ಈ ಪದದ ಬೇರಿನ ಬಗ್ಗೆ ಇನ್ನೊಂದಿಷ್ಟು. ಬೈಬಲ್ಲಿನಲ್ಲಿ ಗ್ಲೋರಿ ಎಂದು ಬರುವ ಕಡೆ ಹೀಬ್ರೂವಿನಲ್ಲಿ ಸಾಮಾನ್ಯವಾಗಿ ಇರುವುದು ಕಾವೋದ್. ಅದರ ಮೂಲ ಅರ್ಥ ತೂಕ, ಭಾರ. ಗ್ರೀಕಿನ ಡೊಕ್ಸಾ ಮೊದಲಿಗೆ ಬರೀ ಅಭಿಪ್ರಾಯ, ಜನಕ್ಕೆ ಅನಿಸಿದ್ದು. ಲ್ಯಾಟಿನ್ನಿನ ಗ್ಲೋರಿಯಾ ಕೀರ್ತಿಯೂ ಹೌದು, ಬಡಾಯಿಯೂ ಹೌದು. ಪ್ಲಾಟಸ್ ಎಂಬ ರೋಮನ್ ನಾಟಕಕಾರನ ಮಿಲೆಸ್ ಗ್ಲೋರಿಯೋಸುಸ್ ಎಂದರೆ ಕೀರ್ತಿವಂತ ಸೈನಿಕನಲ್ಲ, ಬಡಾಯಿಕೋರ ಸೈನಿಕ. ತೂಕ, ಅಭಿಪ್ರಾಯ, ಬಡಾಯಿ, ಬೆಳಕು ಎಲ್ಲವನ್ನೂ ಹೊತ್ತುಕೊಂಡು ಇಂಗ್ಲಿಷಿಗೆ ಬಂದ ಪದ ಇದು.

ಬಂದ ಮೇಲೆ ಅದು ಅರಮನೆಯಲ್ಲೇ ಉಳಿಯಲಿಲ್ಲ. ಪಡಖಾನೆಗೂ ಹೋಯಿತು! ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ 1790ರಲ್ಲಿ ಟ್ಯಾಮ್ ಓ ಶಾಂಟರ್ ಎಂಬ ಕಥನಕವನ ಬರೆದ. ಸಂತೆ ಮುಗಿದಿದೆ. ಹೊರಗೆ ಬಿರುಗಾಳಿ. ಮನೆಯಲ್ಲಿ ಹೆಂಡತಿ ಸಿಟ್ಟಿನಿಂದ ಕಾಯುತ್ತಿದ್ದಾಳೆ. ಟ್ಯಾಮ್ ಬೆಂಕಿಯ ಪಕ್ಕ ಗೆಳೆಯನ ಜೊತೆ ಕುಡಿಯುತ್ತಾ ಕೂತಿದ್ದಾನೆ. ಆಗ ಬರ್ನ್ಸ್ ಹೇಳುತ್ತಾನೆ: ಕಿಂಗ್ಸ್ ಮೇ ಬಿ ಬ್ಲೆಸ್ಟ್, ಬಟ್ ಟ್ಯಾಮ್ ವಾಸ್ ಗ್ಲೋರಿಯಸ್. ದೊರೆಗಳು ಪುಣ್ಯವಂತರಿರಬಹುದು, ಟ್ಯಾಮ್ ಮಾತ್ರ ಗ್ಲೋರಿಯಸ್. ಬದುಕಿನ ಎಲ್ಲ ಕಷ್ಟಗಳ ಮೇಲೆ ವಿಕ್ಟೋರಿಯಸ್.

ಗ್ಲೋರಿಯಸ್, ವಿಕ್ಟೋರಿಯಸ್. ಈ ಪ್ರಾಸ ಎಲ್ಲಿಯದು ಹೇಳಿ? 1745ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ಹಾಡಿ ಮನೆಮಾತಾದ ದೊರೆಯ ಗೀತೆ, ದೇವರು ದೊರೆಯನ್ನು ಕಾಪಾಡಲಿ ಎಂಬುದು, ಅದರಲ್ಲಿರುವ ಪ್ರಾಸವೇ ಇದು. ಅಲ್ಲಿ ದೊರೆ ವಿಕ್ಟೋರಿಯಸ್, ಹ್ಯಾಪಿ ಆ್ಯಂಡ್ ಗ್ಲೋರಿಯಸ್. ಬರ್ನ್ಸ್ ಅದೇ ಜೋಡಿಯನ್ನು ಎತ್ತಿ ತಂದು ಒಬ್ಬ ಬಡ ರೈತನ ತಲೆಯ ಮೇಲಿಟ್ಟ ಎಂದು ನಾನು ಓದಿಕೊಳ್ಳುತ್ತೇನೆ. ಅವನು ದೊರೆಗಳನ್ನು ಹೆಸರಿಸಿಯೇ ಸಾಲು ಶುರು ಮಾಡಿದ್ದಾನೆ, ಗಮನಿಸಿ. ಅಷ್ಟು ಹೊತ್ತಿನ ಮಟ್ಟಿಗೆ ಆ ಬೆಂಕಿಯ ಪಕ್ಕ ಟ್ಯಾಮನೇ ದೊರೆ. ಇದು ಗೇಲಿಯಲ್ಲ, ಪೂರ್ತಿ ಪ್ರೀತಿ. ಮುಂದಿನ ಸಾಲಲ್ಲೇ ದನಿ ಬದಲಾಗುತ್ತದೆ. ಸುಖವೆಂದರೆ ಗಸಗಸೆ ಹೂವಿನ ಹಾಗೆ, ಹಿಡಿದರೆ ದಳ ಉದುರುತ್ತದೆ. ನದಿಗೆ ಬಿದ್ದ ಹಿಮದ ಹಾಗೆ, ಒಂದು ಗಳಿಗೆ ಬಿಳುಪು, ಆಮೇಲೆ ಶಾಶ್ವತವಾಗಿ ಕರಗಿತು. ಗ್ಲೋರಿಯಸ್ ಆಗಿರುವುದಕ್ಕೆ ಸಮಯ ಎಷ್ಟು ಕಮ್ಮಿ ಎಂಬುದನ್ನು ಇಷ್ಟು ಚಂದಾಗಿ ಹೇಳಿದ ಸಾಲು ನಾನು ಬೇರೆ ಕಂಡಿಲ್ಲ. ಗ್ಲೋರಿಯಸ್‌ಲಿ ಡ್ರಂಕ್ ಎಂಬ ನುಡಿಗಟ್ಟು ಇಂಗ್ಲಿಷಿನಲ್ಲಿ ಇವತ್ತಿಗೂ ಓಡಾಡುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ಟ್ಯಾಮ್ ನೆನಪಾಗುತ್ತಾನೆ.

ಗ್ಲೋರಿ ಎಂಬ ಹೆಸರಿನ ಒಂದು ನಿಜವಾದ ಬೆಳಕೂ ಇದೆ. ವಿಮಾನದ ಕಿಟಕಿಯಿಂದ ಕೆಳಗಿನ ಮೋಡ ನೋಡುವಾಗ, ಸೂರ್ಯ ಆಚೆ ಬದಿಯಲ್ಲಿದ್ದರೆ, ಮೋಡದ ಮೇಲೆ ವಿಮಾನದ ನೆರಳು ಬೀಳುತ್ತದೆ. ಆ ನೆರಳಿನ ಸುತ್ತ ಬಣ್ಣದ ಬಳೆಗಳು. ನಾನು ಅದನ್ನು ಕಂಡಿದ್ದೇನೆ, ಅದು ಮಾಯವಾಗುವವರೆಗೂ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರೇ ಗ್ಲೋರಿ. ಬೆಟ್ಟದ ಮೇಲೆ ಮಂಜಿನಲ್ಲಿ ನಿಂತವರಿಗೆ ತಮ್ಮ ನೆರಳಿನ ತಲೆಯ ಸುತ್ತ ಅದು ಕಾಣುತ್ತದೆ, ದೇವರ ಪಟದ ಪ್ರಭಾವಳಿಯ ಹಾಗೆ. ಕೋಲ್‌ರಿಜ್ ಇದನ್ನು 1828ರಲ್ಲಿ ಅಚ್ಚಾದ ಒಂದು ಕವನದಲ್ಲಿ ತಂದಿದ್ದಾನೆ. ಚಳಿಗಾಲದ ಮುಂಜಾನೆ ಕಣಿವೆ ಹತ್ತುತ್ತಿರುವ ಸೌದೆಯವನಿಗೆ ಮಂಜಿನಲ್ಲಿ ತಲೆಯ ಸುತ್ತ ಗ್ಲೋರಿ ಇರುವ ಒಂದು ಆಕೃತಿ ಕಾಣುತ್ತದೆ. ಅವನು ಅದನ್ನು ಪೂಜಿಸುತ್ತಾ ಹಿಂಬಾಲಿಸುತ್ತಾನೆ. ಆ ನೆರಳು ತನ್ನದೇ ಎಂದು ಅವನಿಗೆ ಗೊತ್ತಿಲ್ಲ.

ಸಿ. ಟಿ. ಆರ್. ವಿಲ್ಸನ್ ಎಂಬ ಯುವ ವಿಜ್ಞಾನಿ 1894ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ತುದಿಯ ವೀಕ್ಷಣಾಲಯದಲ್ಲಿದ್ದ. ಅಲ್ಲಿ ಕಂಡ ಗ್ಲೋರಿಗಳಿಗೆ ಮನಸೋತು, ಅವನ್ನು ಪ್ರಯೋಗಾಲಯದಲ್ಲೇ ಮಾಡಿ ನೋಡಬೇಕು ಎಂದು ಹೊರಟ. ಗಾಜಿನ ಪಾತ್ರೆಯಲ್ಲಿ ಮೋಡ ಮಾಡಲು ಕಲಿತ. ಕಣ್ಣಿಗೆ ಕಾಣದ ಕಣಗಳು ಹಾದುಹೋದ ದಾರಿಯನ್ನು ತೋರಿಸುವ ಮೋಡದ ಪೆಟ್ಟಿಗೆ ಅದರಿಂದಲೇ ಹುಟ್ಟಿತು. 1927ರಲ್ಲಿ ಅದಕ್ಕೆ ನೊಬೆಲ್ ಬಂತು. ಬಣ್ಣದ ಬಳೆಗಳಿಗೆ ಮರುಳಾದ ಒಬ್ಬ ಹುಡುಗ ಎಲ್ಲಿಗೆ ಹೋಗಿ ಮುಟ್ಟಿದ ನೋಡಿ!

ಲೂಯಿಸ್ ಕ್ಯಾರಲ್‌ನನ್ನು ಬಿಡುವ ಹಾಗಿಲ್ಲ. 1871ರ ಕನ್ನಡಿಯೊಳಗಿನ ಆಲಿಸ್ ಕತೆಯಲ್ಲಿ ಹಂಪ್ಟಿ ಡಂಪ್ಟಿ, ಅಗೋ ನಿನಗೆ ಗ್ಲೋರಿ ಅನ್ನುತ್ತಾನೆ. ಹಾಗಂದರೇನು ಎಂದು ಆಲಿಸ್ ಕೇಳಿದರೆ, ಎದುರಾಳಿಯನ್ನು ಕೆಡವುವ ಚಂದದ ವಾದ ಎಂದು ಅರ್ಥ ಎನ್ನುತ್ತಾನೆ. ಪದಕ್ಕೆ ಆ ಅರ್ಥವಿಲ್ಲವಲ್ಲ ಎಂದರೆ, ನಾನು ಪದ ಬಳಸಿದಾಗ ನಾನು ಹೇಳಿದ್ದೇ ಅದರ ಅರ್ಥ ಎಂಬ ಉತ್ತರ. ಸಾವಿರ ಪದಗಳಿರುವಾಗ ಕ್ಯಾರಲ್ ಗ್ಲೋರಿಯನ್ನೇ ಆರಿಸಿದ್ದು ಸುಮ್ನೆ ಅಲ್ಲ ಎಂದು ನನ್ನ ನಂಬಿಕೆ. ಎಷ್ಟು ಅರ್ಥ ತುಂಬಿದರೂ ಇನ್ನೂ ಜಾಗ ಇರುವಂತೆ ಕಾಣುವ ಪದ ಅದು.

ಆದರೆ ಅದಕ್ಕೂ ಒಂದು ಗೆರೆ ಇದೆ. ಆಫುಲಿ, ಟೆರಿಬ್ಲಿ ಎಂಬ ಪದಗಳನ್ನು ನೋಡಿ. ಒಂದು ಕಾಲಕ್ಕೆ ಭಯಭಕ್ತಿ, ದಿಗಿಲು ಹೇಳುತ್ತಿದ್ದವು. ಈಗ ಬಹಳ ಎಂಬಷ್ಟೇ ಅರ್ಥ ಉಳಿದಿದೆ. ಟೆರಿಬ್ಲಿ ಕೈಂಡ್ ಎಂದರೆ ತುಂಬಾ ಒಳ್ಳೆಯವರು, ಅಲ್ಲಿ ದಿಗಿಲು ಎಲ್ಲೂ ಇಲ್ಲ. ಗ್ಲೋರಿಯಸ್‌ಲಿ ಕೂಡ ಅದೇ ದಾರಿಯಲ್ಲಿ ನಡೆದಿದೆ. ಮೊದಲು ಗೆದ್ದದ್ದು ಹೇಗೆ ಎಂದು ಹೇಳುತ್ತಿತ್ತು, ಈಗ ಗುಣವಾಚಕಕ್ಕೆ ಮೊದಲು ನಿಂತು ಎಷ್ಟು ಎಂದು ಹೇಳುತ್ತದೆ. ಗ್ಲೋರಿಯಸ್‌ಲಿ ಹ್ಯಾಪಿ, ಗ್ಲೋರಿಯಸ್‌ಲಿ ಸಿಲಿ. ಆದರೂ ಅದರ ಬಣ್ಣ ಮಾಸಿಲ್ಲ. ಗ್ಲೋರಿಯಸ್‌ಲಿ ಇಲ್ ಎಂದು ಯಾರೂ ಕಾಯಿಲೆಯವರ ಬಗ್ಗೆ ಬರೆಯುವುದಿಲ್ಲ. ನಿಜವಾದ ನೋವಿನ ಪಕ್ಕ ಅದು ನಿಲ್ಲುವುದೇ ಇಲ್ಲ. ಪೆದ್ದುತನ, ಅಸ್ತವ್ಯಸ್ತ, ಕೆಲಸಕ್ಕೆ ಬಾರದ್ದು, ಇಂಥ ಸಣ್ಣ ಕುಂದುಗಳ ಪಕ್ಕ ನಿಂತರೆ ಮಾತ್ರ ಅವನ್ನು ಮನ್ನಿಸಿಬಿಡುತ್ತದೆ. ಮನ್ನಿಸುವುದಷ್ಟೇ ಅಲ್ಲ, ಅವುಗಳ ತಲೆಯ ಸುತ್ತ ಪ್ರಭಾವಳಿ ಇಡುತ್ತದೆ. ಇದು ಟ್ಯಾಮ್ ಬಿಟ್ಟುಹೋದ ಆಸ್ತಿ.

ಸದ್ಯಕ್ಕೆ ನನ್ನ ಮೇಜಿನ ಮೇಲಿರುವ ಪ್ರಬಂಧದಲ್ಲಿ ಇಂಥದೇ ಒಂದು ವಾಕ್ಯ ಇದೆ. ಒಬ್ಬ ಮುದುಕಿಯ ತೋಟದ ಬಗ್ಗೆ. ಆ ತೋಟ ಗ್ಲೋರಿಯಸ್‌ಲಿ ಅನ್‌ಟೈಡಿ ಎಂದು ಲೇಖಕಿ ಬರೆದಿದ್ದಾರೆ. ವೈಭವದಿಂದ ಅಸ್ತವ್ಯಸ್ತವಾಗಿತ್ತು ಎಂದರೆ ಕನ್ನಡವಾಗುವುದಿಲ್ಲ. ಚೆಲ್ಲಾಪಿಲ್ಲಿಯಾಗಿತ್ತು ಎಂದರೆ ಮುದುಕಿಯನ್ನು ಬೈದ ಹಾಗಾಗುತ್ತದೆ. ಅಂದವಾದ ಅವ್ಯವಸ್ಥೆ ಎಂಬುದು ಜಾಹೀರಾತಿನ ಮಾತು. ಕೊನೆಗೆ ಕ್ರಿಯಾವಿಶೇಷಣವನ್ನೇ ಬಿಟ್ಟು ಕ್ರಿಯಾಪದದ ಕಡೆ ತಿರುಗಿದೆ. ಕರಡಿನಲ್ಲಿ ಈಗ ಹೀಗಿದೆ: ಆ ತೋಟಕ್ಕೆ ಅಂಕೆಯೇ ಇರಲಿಲ್ಲ, ಗಿಡಗಳು ಬೆಳೆದದ್ದೇ ಬೆಳೆದದ್ದು, ಹೂಬಿಟ್ಟದ್ದೇ ಬಿಟ್ಟದ್ದು. ಮೂಲಕ್ಕಿಂತ ಉದ್ದವಾಯಿತು ಎಂದು ಸಂಪಾದಕರು ಹೇಳಬಹುದು. ಹೇಳಿದರೆ ಅಂಕೆಯೇ ಇರಲಿಲ್ಲ ಎಂಬುದನ್ನು ತೆಗೆಯಲು ಒಪ್ಪುತ್ತೇನೆ, ಉಳಿದದ್ದನ್ನು ಬಿಟ್ಟುಕೊಡುವುದಿಲ್ಲ.